ಆನ್‌ಲೈನ್ ನಿಯೋಜಿತ ಕಾರ್ಯಗಳ ಮೌಲ್ಯಮಾಪನದಲ್ಲಿ ರೂಬ್ರಿಕ್ಸ್ ಬಳಕೆ

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಲ್ಲಿ ನಿಯೋಜಿತ ಕಾರ್ಯಗಳಿಗೆ ಪ್ರಮುಖ ಸ್ಥಾನವಿದೆ. ಎಸ್.ಎಸ್.ಎಲ್.ಸಿ.ಯ 100 ಅಂಕಗಳ ವಿಷಯಗಳಲ್ಲಿ 20 ಅಂಕಗಳು ಶಾಲಾ ಹಂತದ ಆಂತರಿಕ ಮೌಲ್ಯಮಾಪನದಿಂದಲೇ ಬರುತ್ತವೆ. ಆದ್ದರಿಂದ ಶಿಕ್ಷಕರು ನೀಡುವ ಪ್ರತಿಯೊಂದು ಅಂಕಕ್ಕೂ ಸಕಾರಣವಿರುವುದು ಅವಶ್ಯಕ. ತರಗತಿಯಲ್ಲಿ ವಿದ್ಯಾರ್ಥಿಯು ಅಂಕ ಕಡಿಮೆಯಾದ ಕಾರಣವನ್ನು ಶಿಕ್ಷಕರನ್ನೇ ಕೇಳಿ ತಿಳಿಯಬಹುದು. ಆನ್‌ಲೈನ್ ಕಲಿಕೆಯಲ್ಲಿ ಆತನಿಗೆ ಕಾಣುವುದು ಮೊಬೈಲ್ ಪರದೆಯ ಮೇಲಿನ ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಹಿಂದಿನ ಕಾರಣವನ್ನು ಮುಂಚಿತವಾಗಿಯೇ ಲಿಖಿತವಾಗಿ ತಿಳಿಸುವ ಸಾಧನವೇ ರೂಬ್ರಿಕ್ಸ್.

ರೂಬ್ರಿಕ್ಸ್ ಎಂದರೇನು?

ಒಂದು ಕಾರ್ಯದಲ್ಲಿ ಪರಿಶೀಲಿಸಬೇಕಾದ ಮಾನದಂಡಗಳು, ಪ್ರತಿ ಮಾನದಂಡದ ಸಾಧನಾ ಹಂತಗಳು, ಪ್ರತಿ ಹಂತದ ವಿವರಣೆ ಹಾಗೂ ಅಂಕ ಇವುಗಳನ್ನು ಒಳಗೊಂಡ ಕೋಷ್ಟಕವೇ ರೂಬ್ರಿಕ್ಸ್. ಕೇವಲ ‘ಉತ್ತಮ’, ‘ಸಾಧಾರಣ’ ಎಂದು ಬರೆದರೆ ಅದು ರೂಬ್ರಿಕ್ಸ್ ಆಗುವುದಿಲ್ಲ. ಯಾವುದನ್ನು ಉತ್ತಮ ಎನ್ನಲಾಗುತ್ತದೆ ಎಂಬ ವಿವರಣೆ ಅದರಲ್ಲಿರತಕ್ಕದ್ದು.

ಒಂದು ಉದಾಹರಣೆ

ಒಂಬತ್ತನೇ ತರಗತಿಗೆ ‘ನಮ್ಮ ಗ್ರಾಮದ ಕುಡಿಯುವ ನೀರಿನ ಮೂಲಗಳು’ ಎಂಬ 20 ಅಂಕಗಳ ಸಮೀಕ್ಷಾ ವರದಿಯನ್ನು ನೀಡಲಾಗಿದೆ ಎಂದು ಭಾವಿಸಬಹುದು. ಇದಕ್ಕೆ ನಾಲ್ಕು ಮಾನದಂಡಗಳು ಸಾಕಾಗುತ್ತವೆ:

1. ಮಾಹಿತಿ ಸಂಗ್ರಹ
2. ಬೇಸಿಗೆ ಮತ್ತು ಮಳೆಗಾಲದ ಲಭ್ಯತೆಯ ಹೋಲಿಕೆ
3. ಸ್ವಂತ ಬರವಣಿಗೆ ಹಾಗೂ ಮಾಹಿತಿ ನೀಡಿದವರ ಉಲ್ಲೇಖ
4. ಕ್ರಮಬದ್ಧ ನಿರೂಪಣೆ

ಪ್ರತಿ ಮಾನದಂಡಕ್ಕೆ 5, 3, 1 ಮತ್ತು 0 ಅಂಕಗಳ ನಾಲ್ಕು ಹಂತಗಳಿರಲಿ. ಮೊದಲನೆಯ ಮಾನದಂಡದ ವಿವರಣೆ ಹೀಗಿರಬಹುದು: ಮೂರು ಅಥವಾ ಹೆಚ್ಚು ಮೂಲಗಳಿಗೆ ಭೇಟಿ ನೀಡಿ ದಿನಾಂಕಸಹಿತ ದಾಖಲಿಸಿದ್ದರೆ 5, ಎರಡು ಮೂಲಗಳನ್ನು ದಾಖಲಿಸಿದ್ದರೆ 3, ಒಂದೇ ಮೂಲ ಅಥವಾ ಸಾಮಾನ್ಯ ಮಾಹಿತಿ ಮಾತ್ರ ಇದ್ದರೆ 1, ಮಾಹಿತಿಯೇ ಇಲ್ಲದಿದ್ದರೆ 0.

ಈಗ ಎರಡು ವರದಿಗಳು ಸಲ್ಲಿಕೆಯಾಗಿವೆ. ಮೊದಲನೆಯದು ಬಣ್ಣದ ಚಿತ್ರಗಳೊಂದಿಗೆ ಅಂದವಾಗಿ ಟೈಪ್ ಮಾಡಿದ್ದು. ಆದರೆ ವಿಷಯವನ್ನು ಅಂತರಜಾಲದಿಂದ ನಕಲು ಮಾಡಲಾಗಿದೆ. ಎರಡನೆಯದು ನೋಟ್‌ಬುಕ್ ಹಾಳೆಯಲ್ಲಿ ಬರೆದು ಫೋಟೊ ತೆಗೆದದ್ದು; ಅದರಲ್ಲಿ ಎರಡು ಕೊಳವೆಬಾವಿ ಹಾಗೂ ಒಂದು ತೆರೆದ ಬಾವಿಯ ವಿವರವಿದೆ, ನೀರುಗಂಟಿಯಿಂದ ಪಡೆದ ಮಾಹಿತಿಯ ಉಲ್ಲೇಖವೂ ಇದೆ. ಮೇಲ್ನೋಟಕ್ಕೆ ಮೊದಲನೆಯ ವರದಿಯೇ ಹೆಚ್ಚು ಅಂಕ ಪಡೆಯುವ ಸಂಭವವಿದೆ. ರೂಬ್ರಿಕ್ಸ್ ಪ್ರಕಾರ ಮೊದಲನೆಯದಕ್ಕೆ ಅನುಕ್ರಮವಾಗಿ 1, 1, 0, 5 ಸೇರಿ 7 ಅಂಕಗಳು. ಎರಡನೆಯದಕ್ಕೆ 5, 3, 5, 3 ಸೇರಿ 16 ಅಂಕಗಳು. ಮನೆಯಲ್ಲಿ ಗಣಕಯಂತ್ರ ಇಲ್ಲದ ವಿದ್ಯಾರ್ಥಿಯ ನೈಜ ಶ್ರಮಕ್ಕೆ ಈ ಕೋಷ್ಟಕವು ರಕ್ಷಣೆ ಒದಗಿಸುತ್ತದೆ.

ತಂತ್ರಾಂಶಗಳಲ್ಲಿ ಅಳವಡಿಕೆ

ಗೂಗಲ್ ಕ್ಲಾಸ್‌ರೂಮ್‌ನಲ್ಲಿ ನಿಯೋಜಿತ ಕಾರ್ಯವನ್ನು ರಚಿಸುವಾಗಲೇ ರೂಬ್ರಿಕ್ಸ್ ಸೇರಿಸಬಹುದು. ಒಂದು ರೂಬ್ರಿಕ್ಸ್‌ನಲ್ಲಿ 50 ಮಾನದಂಡಗಳವರೆಗೆ ಅವಕಾಶವಿದ್ದರೂ ಶಾಲಾ ಹಂತದಲ್ಲಿ ನಾಲ್ಕು ಅಥವಾ ಐದನ್ನು ಮೀರದಿರುವುದು ಸೂಕ್ತ. ಒಮ್ಮೆ ಸಿದ್ಧಪಡಿಸಿದ್ದನ್ನು ಮುಂದಿನ ಕಾರ್ಯಗಳಿಗೆ ಮರುಬಳಕೆ ಮಾಡಬಹುದು. ಅಂಕ ನೀಡಲು ಆರಂಭಿಸಿದ ನಂತರ ರೂಬ್ರಿಕ್ಸ್ ತಿದ್ದಲು ಸಾಧ್ಯವಾಗದ ಕಾರಣ, ಅದಕ್ಕೆ ಮುನ್ನವೇ ಪೂರ್ಣವಾಗಿ ಪರಿಶೀಲಿಸಿಕೊಳ್ಳತಕ್ಕದ್ದು. ಮೂಡಲ್ ತಂತ್ರಾಂಶದಲ್ಲಿ ಅಂಕ ನೀಡುವ ವಿಧಾನವಾಗಿ ರೂಬ್ರಿಕ್ ಅನ್ನು ಆಯ್ಕೆ ಮಾಡಿಕೊಳ್ಳಬೇಕು. ಅಲ್ಲಿ ಪ್ರತಿ ಮಾನದಂಡಕ್ಕೂ 0 ಅಂಕದ ಒಂದು ಹಂತವನ್ನು ಇಡುವುದರಿಂದ ಒಟ್ಟು ಅಂಕಗಳ ಲೆಕ್ಕದಲ್ಲಿ ಗೊಂದಲ ಉಂಟಾಗುವುದಿಲ್ಲ. ತಂತ್ರಾಂಶದ ಸೌಲಭ್ಯ ಇಲ್ಲದ ಶಾಲೆಗಳಲ್ಲಿ ಇದೇ ಕೋಷ್ಟಕವನ್ನು ಹಾಳೆಯಲ್ಲಿ ಬರೆದು ಫೋಟೊ ಮೂಲಕ ವಿದ್ಯಾರ್ಥಿಗಳಿಗೆ ಕಳುಹಿಸಬಹುದು.

ಶಿಕ್ಷಕರು ಗಮನಿಸಬೇಕಾದ ಅಂಶಗಳು

1. ರೂಬ್ರಿಕ್ಸ್ ಅನ್ನು ಕಾರ್ಯದ ಜೊತೆಯಲ್ಲಿಯೇ ನೀಡುವುದು. ಸಲ್ಲಿಕೆಯ ನಂತರ ನೀಡಿದರೆ ವಿದ್ಯಾರ್ಥಿಗೆ ಅದು ಮಾರ್ಗದರ್ಶನವಾಗುವುದಿಲ್ಲ.

2. ಹಂತಗಳ ವಿವರಣೆಯನ್ನು ವಿದ್ಯಾರ್ಥಿಗೆ ಅರ್ಥವಾಗುವ ಸರಳ ಕನ್ನಡದಲ್ಲಿ ಬರೆಯುವುದು; ಒಂದು ಮಾನದಂಡದಲ್ಲಿ ಸಂಬಂಧವಿಲ್ಲದ ಅಂಶಗಳನ್ನು ಬೆರೆಸದಿರುವುದು.

3. ಫೋಟೊ ಅಥವಾ ಮೊಬೈಲಿನ ಗುಣಮಟ್ಟಕ್ಕೆ ಅಂಕ ಕಳೆಯದಿರುವುದು. ಓದಲು ಬಾರದ ಪುಟಗಳಿದ್ದಲ್ಲಿ ಮರುಸಲ್ಲಿಕೆಗೆ ಅವಕಾಶ ನೀಡುವುದು.

4. ವಿಳಂಬ ಸಲ್ಲಿಕೆಯನ್ನು ಪ್ರತ್ಯೇಕ ಅಂಕಣದಲ್ಲಿ ದಾಖಲಿಸುವುದು. ನೆಟ್‌ವರ್ಕ್ ಸಮಸ್ಯೆಯಿಂದ ಒಂದು ದಿನ ತಡವಾದದ್ದು ಕಲಿಕೆಯ ಕೊರತೆ ಎನಿಸುವುದಿಲ್ಲ.

5. ಕಡತದ ಹೆಸರಿನಲ್ಲಿ ತರಗತಿ ಹಾಗೂ ಹಾಜರಾತಿ ಸಂಖ್ಯೆ ಇರುವಂತೆ ಸೂಚಿಸುವುದು. ಇದರಿಂದ ಪ್ರತಿಗಳು ಅದಲುಬದಲಾಗುವುದು ತಪ್ಪುತ್ತದೆ.

6. ಆರಂಭದಲ್ಲಿ ಐದು ಪ್ರತಿಗಳನ್ನು ಇಬ್ಬರು ಶಿಕ್ಷಕರು ಪ್ರತ್ಯೇಕವಾಗಿ ಪರಿಶೀಲಿಸಿ ಅಂಕಗಳನ್ನು ಹೋಲಿಸುವುದು. ವ್ಯತ್ಯಾಸ ಕಂಡುಬಂದಲ್ಲಿ ವಿವರಣೆಯು ಅಸ್ಪಷ್ಟವಾಗಿದೆ ಎಂದರ್ಥ. ತಂತ್ರಾಂಶದಲ್ಲಿ ಅಂಕ ದಾಖಲಿಸುವ ಮುನ್ನವೇ ಅದನ್ನು ತಿದ್ದಿಕೊಂಡು, ವಿದ್ಯಾರ್ಥಿಗಳಿಗೂ ತಿಳಿಸುವುದು.

7. ಅಂಕಗಳೊಂದಿಗೆ ಮುಂದಿನ ಸುಧಾರಣೆಗೆ ಒಂದು ವಾಕ್ಯದ ಸಲಹೆ ಬರೆಯುವುದು. ಅಂಕಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚದೆ ಆಯಾ ವಿದ್ಯಾರ್ಥಿಗೆ ಮಾತ್ರ ತಿಳಿಸುವುದು.

ಮಿತಿಗಳು

ಎಲ್ಲ ಕಾರ್ಯಗಳಿಗೂ ರೂಬ್ರಿಕ್ಸ್ ಅಗತ್ಯವಿರುವುದಿಲ್ಲ. ಒಂದೇ ಸರಿ ಉತ್ತರವಿರುವ ಪ್ರಶ್ನೆಗಳಿಗೆ ಉತ್ತರಸೂಚಿಯೇ ಸಾಕು. ಕವನ ಅಥವಾ ಚಿತ್ರ ರಚನೆಯಂತಹ ಸೃಜನಶೀಲ ಕಾರ್ಯಗಳಲ್ಲಿ ಮಾನದಂಡಗಳು ಅತಿಯಾದರೆ ವಿದ್ಯಾರ್ಥಿಯು ಕೋಷ್ಟಕಕ್ಕಷ್ಟೇ ಹೊಂದುವಂತೆ ಬರೆಯಲು ತೊಡಗುತ್ತಾನೆ. ಅನಿರೀಕ್ಷಿತವಾದ ಉತ್ತಮ ಪ್ರಯತ್ನವನ್ನು ಗುರುತಿಸುವ ಹೊಣೆ ಶಿಕ್ಷಕರದ್ದೇ ಆಗಿರುತ್ತದೆ.

ಪ್ರಥಮ ಬಾರಿಗೆ ರೂಬ್ರಿಕ್ಸ್ ರಚಿಸಲು ಹೆಚ್ಚಿನ ಸಮಯ ಬೇಕಾಗುವುದು ಸಹಜ. ಆದರೆ ಪ್ರತಿಗಳನ್ನು ಪರಿಶೀಲಿಸುವಾಗ ಒಂದೇ ಟಿಪ್ಪಣಿಯನ್ನು ಮತ್ತೆ ಮತ್ತೆ ಬರೆಯುವ ಶ್ರಮ ಉಳಿಯುತ್ತದೆ. ಅಂಕ ಏಕೆ ಕಡಿಮೆಯಾಯಿತು ಎಂದು ಪೋಷಕರು ವಿಚಾರಿಸಿದಾಗ ಕೋಷ್ಟಕವನ್ನು ಅವರ ಮುಂದಿಟ್ಟು ವಿವರಿಸಬಹುದು. ಮುಂದಿನ ಬಾರಿ ಯಾವ ಹಂತಕ್ಕೆ ಏರಬೇಕೆಂಬುದು ವಿದ್ಯಾರ್ಥಿಗೂ ಅದರಿಂದಲೇ ತಿಳಿಯುತ್ತದೆ.