ಎದೆಯ ಪೆಟ್ಟು, ಗ್ರಂಥಿಯ ಕೈವಾಡ

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ ಮನೆಯವರಿಗೆ ಮೊದಲು ನೆನಪಾಗುವುದು ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆ. ಇಸಿಜಿ ಏರುಪೇರಾಗಿ, ರಕ್ತದಲ್ಲಿ ಹೃದಯಸ್ನಾಯುವಿನ ಹಾನಿ ತೋರಿಸುವ ಟ್ರೊಪೊನಿನ್ ಹೆಚ್ಚಿದ್ದರೆ ಯಾವ ಆಸ್ಪತ್ರೆಯಲ್ಲೂ ಮೊದಲ ಗುಮಾನಿ ಹೃದಯಾಘಾತದ್ದೇ. ಆದರೆ ಕೆಲವರ ಆಂಜಿಯೊಗ್ರಾಮ್‌ನಲ್ಲಿ ಅದಕ್ಕೆ ಕಾರಣವಾಗುವಂಥ ತಡೆ ಕಾಣುವುದಿಲ್ಲ. ಎಡ ಹೃತ್ಕುಕ್ಷಿಯ ತುದಿ ಮಾತ್ರ ಉಬ್ಬಿ, ಮಿಡಿಯಲಾರದೆ ನಿಂತಿರುತ್ತದೆ. 1990ರಲ್ಲಿ ಜಪಾನಿನ ಹಿಕಾರು ಸಾಟೊ ಮತ್ತು ಸಂಗಡಿಗರು ಇದನ್ನು ಗುರುತಿಸಿ, ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರನ್ನೇ ಇಟ್ಟರು: ಟಕೊತ್ಸುಬೊ. ಆಪ್ತರ ಸಾವಿನಂಥ ಆಘಾತದ ನಂತರ ಇದು ಕಾಣಿಸಿಕೊಳ್ಳುತ್ತಿದ್ದುದರಿಂದ ದುಃಖದ ಕಾಯಿಲೆಯೆಂದೇ ಹೆಸರಾಯಿತು.

ಆ ಕಥೆ ಸುಳ್ಳಲ್ಲ, ಅರ್ಧ ಮಾತ್ರ. ದುಃಖ ನೇರವಾಗಿ ಹೃದಯವನ್ನು ಮುಟ್ಟಲಾರದು. ನಡುವೆ ಅಡ್ರಿನಲಿನ್ ಬೇಕು. 2005ರಲ್ಲಿ ಅಮೆರಿಕದ ಹೃದ್ರೋಗತಜ್ಞ ವಿಟ್‌ಸ್ಟೀನ್ ಅವರ ತಂಡ ಇಂಥ 13 ರೋಗಿಗಳ ರಕ್ತ ಪರೀಕ್ಷಿಸಿದಾಗ ಅಡ್ರಿನಲಿನ್ ವರ್ಗದ ಹಾರ್ಮೋನುಗಳು ತೀವ್ರ ಹೃದಯಾಘಾತದವರಿಗಿಂತಲೂ ಎಷ್ಟೋ ಹೆಚ್ಚಿದ್ದವು. ಹಾಗಾದರೆ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮಾ ಗೆಡ್ಡೆ ಬೆಳೆದು ಅದೇ ಹಾರ್ಮೋನನ್ನು ಸುರಿದರೆ, ದುಃಖವಿಲ್ಲದೆಯೂ ಹೃದಯ ಹೀಗೇ ಸೋಲಬೇಕಲ್ಲವೇ? ಸೋಲುತ್ತದೆ. ಆದರೂ ಅಮೆರಿಕದ ಮೇಯೊ ಕ್ಲಿನಿಕ್ಕಿನ 2004ರ ರೋಗನಿರ್ಣಯ ಮಾನದಂಡ, ಆ ಗೆಡ್ಡೆಯಿದ್ದರೆ ಟಕೊತ್ಸುಬೊ ಅನ್ನಬಾರದೆಂದಿತ್ತು. 2018ರ ಅಂತರರಾಷ್ಟ್ರೀಯ ಮಾನದಂಡ ಅದನ್ನು ತಿರುಗಿಸಿ, ಗೆಡ್ಡೆಯನ್ನೇ ಒಂದು ಕಾರಣವಾಗಿ ಒಪ್ಪಿತು. ಅತಿಯಾಗಿ ದುಡಿಯುವ ಥೈರಾಯ್ಡ್, ಸೋತ ಅಡ್ರಿನಲ್ ಗ್ರಂಥಿ ಇದ್ದವರಲ್ಲೂ ಈ ಕಾಯಿಲೆ ವರದಿಯಾಗಿದೆ.

ಗೆಡ್ಡೆ ಅಪರೂಪ, ಎಲ್ಲರನ್ನೂ ಪರೀಕ್ಷಿಸಿದರೆ ದುಡ್ಡು ದಂಡ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಕಾಯಿಲೆಯ ಉಲ್ಬಣದಲ್ಲಿ ಒತ್ತಡವೇ ಹಾರ್ಮೋನು ಏರಿಸುವುದರಿಂದ ಆಗಿನ ಫಲಿತಾಂಶ ದಾರಿ ತಪ್ಪಿಸಲೂಬಹುದು. ಆದರೆ ಬಿಪಿ ಏರಿಳಿಯುತ್ತಾ, ತಲೆನೋವು, ಬೆವರು, ಎದೆಬಡಿತ ಒಟ್ಟಿಗೆ ಬರುವವರಲ್ಲಿ, ಕಾಯಿಲೆ ಮರುಕಳಿಸಿದವರಲ್ಲಿ, ಚೇತರಿಸಿಕೊಂಡ ಮೇಲಾದರೂ ಹುಡುಕಲೇಬೇಕು. ಥೈರಾಯ್ಡ್‌ಗಂತೂ ಒಂದು ಸಾಧಾರಣ ರಕ್ತಪರೀಕ್ಷೆ ಸಾಕು. 2015ರ ಅಂತರರಾಷ್ಟ್ರೀಯ ಅಧ್ಯಯನದ 1750 ರೋಗಿಗಳಲ್ಲಿ ಶೇ 28ಕ್ಕೂ ಹೆಚ್ಚು ಜನರಿಗೆ ಮನಸ್ಸಿನ ಪೆಟ್ಟೂ ಇರಲಿಲ್ಲ, ದೇಹದ ಪೆಟ್ಟೂ ಇರಲಿಲ್ಲ. ಅವರೆಲ್ಲರಲ್ಲೂ ಗೆಡ್ಡೆಯಿತ್ತೆಂದಲ್ಲ, ದುಃಖ ಸಿಕ್ಕಿತೆಂದೋ, ಏನೂ ಸಿಗಲಿಲ್ಲವೆಂದೋ ಹುಡುಕಾಟ ನಿಲ್ಲಿಸಬಾರದೆಂದು ಅರ್ಥ. ಗೆಡ್ಡೆ ಪತ್ತೆಯಾದರೆ ಚಿಕಿತ್ಸೆಯೂ ಬದಲಾಗುತ್ತದೆ: ಅದಿರುವವರಿಗೆ ಬೇರೆ ಔಷಧಿಯ ಕಾವಲಿಲ್ಲದೆ, ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಕೊಟ್ಟರೆ ಬಿಪಿ ವಿಪರೀತ ಏರಬಹುದು. ಗೆಡ್ಡೆಯನ್ನು ತೆಗೆದರೆ ಕಾಯಿಲೆಯ ಬೇರೇ ಹೋಗುತ್ತದೆ.