ಪರಮ ವಿಶಿಷ್ಟ ಸೇವಾ ಪದಕ: ತಪ್ಪು ಕಲ್ಪನೆ ಮತ್ತು ಸತ್ಯ

ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿನ ರಸ್ತೆಯುಂಟು. ಅಲ್ಲಿಂದ ನಗರದ ಕಡೆಗೆ ಬಂದರೆ, ಹೆಬ್ಬಾಳದ ಬಳಿ ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿಯುಂಟು. ಮೊದಲನೆಯದು 2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಪ್ರಾಣವನ್ನರ್ಪಿಸಿದ ವೀರನ ಸ್ಮರಣೆ; ಎರಡನೆಯದು ವೈಮಾನಿಕರನ್ನೂ ತಂತ್ರಜ್ಞರನ್ನೂ ವರ್ಷಾನುವರ್ಷ ಸಿದ್ಧಗೊಳಿಸುವ ಮಹತ್ತಾದ ಹೊಣೆಯ ಸ್ಥಾನ. ಈ ಎರಡು ಬಗೆಯ ಸೇವೆಗೂ ರಾಷ್ಟ್ರವು ಬೇರೆ ಬೇರೆ ಗೌರವಗಳನ್ನು ಏರ್ಪಡಿಸಿರುವಾಗ, ಅವುಗಳನ್ನು ಒಂದೆಂದು ಬಗೆದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ತಪ್ಪು ಕಲ್ಪನೆ: ಪರಮ ವಿಶಿಷ್ಟ ಸೇವಾ ಪದಕವೂ ಪರಮವೀರ ಚಕ್ರದಂತೆ ರಣರಂಗದ ಶೌರ್ಯಕ್ಕೆ ಸಲ್ಲುವಂಥದು.

ಸತ್ಯ: ಶತ್ರುವಿನ ಸಮ್ಮುಖದಲ್ಲಿ ಮೆರೆದ ಶೌರ್ಯಕ್ಕೆ ಪರಮವೀರ, ಮಹಾವೀರ, ವೀರ ಚಕ್ರಗಳಿವೆ, ಯುದ್ಧೇತರ ಸಂದರ್ಭದ ಶೌರ್ಯಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರಗಳಿವೆ. ಸಂದೀಪರಿಗೆ 2009ರ ಗಣರಾಜ್ಯೋತ್ಸವದಂದು ಮರಣೋತ್ತರವಾಗಿ ಸಂದುದು ಅಶೋಕ ಚಕ್ರ. ಆದರೆ 1960ರಲ್ಲಿ ವಿಶಿಷ್ಟ ಸೇವಾ ಪದಕದ ಪ್ರಥಮ ವರ್ಗವೆಂದು ಸ್ಥಾಪಿತವಾಗಿ, 1967ರಲ್ಲಿ ಇಂದಿನ ಹೆಸರನ್ನು ತಳೆದ ಈ ಪದಕವು ಅತ್ಯಸಾಧಾರಣವಾದ ವಿಶಿಷ್ಟ ಸೇವೆಯನ್ನು ಗುರುತಿಸುವುದಕ್ಕಾಗಿಯೇ ಇರುವುದು. ಯುದ್ಧಕಾಲದ ಅಂತಹ ಸೇವೆಗೆಂದು 1980ರಲ್ಲಿ ಸರ್ವೋತ್ತಮ ಯುದ್ಧ ಸೇವಾ ಪದಕವು ಪ್ರತ್ಯೇಕವಾಗಿ ಏರ್ಪಟ್ಟಿತು.

ತಪ್ಪು ಕಲ್ಪನೆ: ಸೇವಾ ಪದಕಗಳೆಲ್ಲವೂ ಶೌರ್ಯ ಪದಕಗಳಿಗಿಂತ ಕೆಳಗಿನವು.

ಸತ್ಯ: ಪದಕಗಳನ್ನು ಧರಿಸುವ ಅಧಿಕೃತ ಕ್ರಮದಲ್ಲಿ ಪರಮವೀರ ಚಕ್ರವೂ ಅಶೋಕ ಚಕ್ರವೂ ಪರಮ ವಿಶಿಷ್ಟ ಸೇವಾ ಪದಕಕ್ಕಿಂತ ಮೇಲಿವೆಯಾದರೂ, ಮಹಾವೀರ ಚಕ್ರವು ಇದರ ಅನಂತರವೇ ಬರುತ್ತದೆ. ಇದು ಧರಿಸುವ ಕ್ರಮವೇ ಹೊರತು, ತ್ಯಾಗವನ್ನು ತ್ಯಾಗದೊಡನೆ ತೂಗಿ ನೋಡಿದ ತೀರ್ಪಲ್ಲ.

ತಪ್ಪು ಕಲ್ಪನೆ: ಪರಮ ವಿಶಿಷ್ಟ ಸೇವಾ ಪದಕವು ಸೇನೆಗಳನ್ನು ನಡೆಸಿದವರಿಗೆ ಮಾತ್ರ ಮೀಸಲು.

ಸತ್ಯ: ನಿಯಮದಂತೆ ಇದು ಎಲ್ಲ ಶ್ರೇಣಿಯವರಿಗೂ ತೆರೆದಿದೆ, ರೂಢಿಯಲ್ಲಿ ಮಾತ್ರ, ಹೊಣೆಯ ಗುರುತ್ವದ ಕಾರಣದಿಂದ, ಬಹುಮಟ್ಟಿಗೆ ಲೆಫ್ಟಿನೆಂಟ್ ಜನರಲ್ ಮತ್ತು ಅದಕ್ಕೆ ಸಮಾನವಾದ ಶ್ರೇಣಿಯವರಿಗೆ ಸಲ್ಲುತ್ತದೆ. ಹೆಬ್ಬಾಳದ ತರಬೇತಿ ಕಮಾಂಡಿನ ಮುಖ್ಯಸ್ಥರಾಗಿದ್ದ ಹಲವು ಏರ್ ಮಾರ್ಷಲ್‌ಗಳು ಇದನ್ನು ಪಡೆದಿದ್ದಾರೆ. ಧಾರವಾಡದಲ್ಲಿ ಜನಿಸಿ, ಮಕ್ಕಳ ಮೂತ್ರಪಿಂಡ ರೋಗಗಳ ತಜ್ಞೆಯಾಗಿ ಸೇನೆಯ ವೈದ್ಯಕೀಯ ವಿಭಾಗದಲ್ಲಿ ಲೆಫ್ಟಿನೆಂಟ್ ಜನರಲ್ ಪದವಿಗೇರಿದ ಮಾಧುರಿ ಕಾನಿಟ್ಕರ್ ಅವರೂ ಈ ಪದಕಕ್ಕೆ ಭಾಜನರು.

ತಪ್ಪು ಕಲ್ಪನೆ: ಸಂವಿಧಾನವು ಬಿರುದುಗಳನ್ನು ನಿಷೇಧಿಸಿರುವುದರಿಂದ, ಹೆಸರಿನೊಡನೆ ಪದಕದ ಸಂಕ್ಷಿಪ್ತಾಕ್ಷರಗಳನ್ನು ಬರೆಯುವುದು ಸಲ್ಲದು.

ಸತ್ಯ: 18ನೆಯ ಅನುಚ್ಛೇದವು ರಾಜ್ಯವು ಬಿರುದು ಕೊಡುವುದನ್ನು ನಿಷೇಧಿಸುವಾಗಲೇ ಸೈನಿಕ ಹಾಗೂ ವಿದ್ಯಾ ಸಂಬಂಧವಾದ ವಿಶೇಷ ಮನ್ನಣೆಗಳನ್ನು ಹೊರತುಪಡಿಸಿದೆ. ಆದುದರಿಂದಲೇ ಅಧಿಕಾರಿಗಳ ಹೆಸರಿನ ಮುಂದೆ 'ಪಿವಿಎಸ್‌ಎಂ' ಎಂಬ ಅಕ್ಷರಗಳು ಕಾಣುತ್ತವೆ.

ವೀರನ ಸಾಹಸವು ಎಲ್ಲರ ಕಣ್ಣಿಗೂ ಬೀಳುತ್ತದೆ. ವೀರರನ್ನು ಶಿಕ್ಷಣವಿತ್ತು ರೂಪಿಸಿದವರ, ಅವರ ಗಾಯಗಳನ್ನು ಮಾಯಿಸಿದವರ ದೀರ್ಘಕಾಲದ ದುಡಿಮೆ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಅದನ್ನೂ ಗೌರವಿಸಬಲ್ಲ ವಿವೇಕವು ನಾಗರಿಕರಾದ ನಮ್ಮಲ್ಲಿಯೂ ಇರತಕ್ಕದ್ದು.