ಬಿರುಗಾಳಿಗೆ ಮುನ್ನ ಬೋಲ್ಟು ಬಿಗಿಯೋಣ

ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆಯಲ್ಲಿ ಸಂಚರಿಸುವಾಗ ಜೋಗಿಮಟ್ಟಿ ಗುಡ್ಡಸಾಲಿನಲ್ಲೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಲ್ಲೂ ಗಾಳಿಯಂತ್ರಗಳನ್ನು ಕಾಣುತ್ತೇವೆ. ಬಿರುಗಾಳಿ ಎದ್ದರೆ ಇವು ಹೇಗೆ ಉಳಿಯುತ್ತವೆ?

ಗಾಳಿಯ ವೇಗ ಗಂಟೆಗೆ ಸುಮಾರು 90 ಕಿ.ಮೀ. ದಾಟಿದರೆ ದೊಡ್ಡ ಯಂತ್ರಗಳು ಸಾಮಾನ್ಯವಾಗಿ ತಾವೇ ನಿಲ್ಲುತ್ತವೆ. ರೆಕ್ಕೆಗಳು ಹೊರಳಿ ಅಂಚನ್ನಷ್ಟೇ ಗಾಳಿಗೆ ಒಡ್ಡುತ್ತವೆ. ಯಂತ್ರದ ತಲೆ ಗಾಳಿ ಬರುವ ದಿಕ್ಕಿಗೆ ತಿರುಗುತ್ತದೆ. ಆದರೆ ಹಾಗೆ ತಿರುಗಲು ವಿದ್ಯುತ್ ಬೇಕು. 2003ರಲ್ಲಿ ಜಪಾನಿನ ಮಿಯಾಕೊ ದ್ವೀಪಕ್ಕೆ ಮಾಯೆಮಿ ಚಂಡಮಾರುತ ಅಪ್ಪಳಿಸಿದಾಗ ವಿದ್ಯುತ್ ಕಡಿದುಹೋಗಿ, ದಿಕ್ಕು ಬದಲಿಸಲಾಗದ ಕೆಲವು ಯಂತ್ರಗಳು ಉರುಳಿಬಿದ್ದವು.

ನಮ್ಮ ಚರ್ಚು, ಶಾಲೆ, ಕಾನ್ವೆಂಟುಗಳ ಮಾಡಿನ ಮೇಲಿರುವ ಸೌರ ಫಲಕಗಳಿಗೆ ಹೀಗೆ ಹೊರಳುವ ಶಕ್ತಿಯಿಲ್ಲ. ಗಾಳಿ ಅಡಿಯಿಂದ ನುಗ್ಗಿ ಅವುಗಳನ್ನು ಮೇಲೆತ್ತುತ್ತದೆ. ಮಾಡಿನ ಅಂಚು, ಮೂಲೆಗಳಲ್ಲಿ ಈ ಸೆಳೆತ ಹೆಚ್ಚು. ಬಯಲುಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗುಮಳೆಯ ಗಾಳಿಯೇ ಸಾಕು. ಕರಾವಳಿಯಲ್ಲಿ ಉಪ್ಪುಗಾಳಿಗೆ ಬೋಲ್ಟುಗಳು ತುಕ್ಕು ಹಿಡಿಯುತ್ತವೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ನಾವು ಮರೆತಿಲ್ಲ. ಹಾರಿದ ಫಲಕ ಬೀಳುವುದು ಮಕ್ಕಳು ಆಡುವ ಅಂಗಳಕ್ಕೆ.

ಆದ್ದರಿಂದ ಪಾಲನಾ ಪರಿಷತ್ತಿನವರೂ ವಾಳೆಯ ಗುರಿಕಾರರೂ ಮಳೆಗಾಲಕ್ಕೆ ಮೊದಲೇ ತಿಳಿದವರನ್ನು ಕರೆಸಿ ಪರೀಕ್ಷಿಸಲಿ. ಸಡಿಲವಾದ ಕ್ಲಾಂಪು ಬಿಗಿಸಿ; ತುಕ್ಕು ಹಿಡಿದ ಬೋಲ್ಟು ತೆಗೆದು ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ. ಕಂಬಿಗಳು ಇಟ್ಟಿಗೆಯ ಭಾರದ ಮೇಲಲ್ಲ, ಕಾಂಕ್ರೀಟಿನಲ್ಲಿ ನೆಲೆನಿಂತಿರಲಿ. ಮಾಡಿಗೆ ಬಾಗಿದ ಕೊಂಬೆ ಕಡಿಸಿ. ಬಿದ್ದ ಫಲಕವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬಿಸಿಲಿದ್ದರೆ ಒಡೆದ ಫಲಕದಲ್ಲೂ ವಿದ್ಯುತ್ ಹರಿಯಬಹುದು.

ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಗಾಳಿ ಅವನ ಮನೆಗೂ ಬೀಸಿತು. ಅವನ ಬುದ್ಧಿವಂತಿಕೆ ಇದ್ದುದು ಮೊದಲೇ ಮಾಡಿದ ಸಿದ್ಧತೆಯಲ್ಲಿ.